ಬೇಸ್ ಕೊಳ್ಳುವಾಗ ನಾನು ಮೊದಲು ನೋಡುವುದು ನೆಕ್

ನಮ್ಮೂರು ಉಡುಪಿ ಹತ್ತಿರ. ಆರ್ಕೆಸ್ಟ್ರಾದಲ್ಲಿ ಬೇಸ್ ಗಿಟಾರ್ ನುಡಿಸಲು ಶುರುಮಾಡಿ ಹದಿನಾಲ್ಕು ವರ್ಷವಾಯಿತು. ಮೊದಲ ಬೇಸ್ ಸೆಕೆಂಡ್ ಹ್ಯಾಂಡ್. ನಡುವೆ ಜೇನಿನ ಬಣ್ಣ, ಅಂಚಿಗೆ ಬರ್ತಾ ಕಪ್ಪು. ಅದನ್ನು ನೋಡಿಯೇ ಮನಸೋತು ದುಡ್ಡು ಎಣಿಸಿಬಿಟ್ಟೆ. ಮನೆಗೆ ತಂದ ಮೇಲೆ ಗೊತ್ತಾಯಿತು, ನೆಕ್, ಅಂದರೆ ತಂತಿ ಹಾಯುವ ಉದ್ದನೆಯ ಮರದ ಕತ್ತು, ತಿರುಚಿಕೊಂಡಿದೆ ಅಂತ. ಎಲ್ಲಕ್ಕಿಂತ ದಪ್ಪಗಿನ ಇ ತಂತಿ ತಗ್ಗಿಸಿದರೆ ನೆಕ್ ಮೇಲಿನ ಲೋಹದ ಅಡ್ಡಪಟ್ಟಿಗೆ, ಅಂದರೆ ಫ್ರೆಟ್‌ಗೆ ಬಡಿಯುತ್ತಿತ್ತು, ಎಲ್ಲಕ್ಕಿಂತ ತೆಳ್ಳಗಿನ ಜಿ ತಂತಿ ಮಾತ್ರ ಎತ್ತರದಲ್ಲೇ ಇರುತ್ತಿತ್ತು. ಬಾಗಿದ ನೆಕ್ಕನ್ನು ಸರಿಮಾಡಬಹುದು. ತಿರುಚಿದ್ದನ್ನು ಸರಿಮಾಡುವುದು ಬಹಳ ಕಷ್ಟ. ಎರಡು ವರ್ಷ ಹಾಗೇ ನುಡಿಸಿದೆ, ಎಡಗೈ ಬೆರಳು ನೋವು ತಿಂದದ್ದೇ ಬಂತು.

ಈಗ ಯಾವ ಬೇಸ್ ಕೈಗೆ ಬಂದರೂ ಮೊದಲು ತಲೆಯ ಕಡೆಯಿಂದ ಕಣ್ಣಿಗೆ ಹಿಡಿಯುತ್ತೇನೆ, ಬಡಗಿ ರೀಪು ನೋಡುತ್ತಾನಲ್ಲ, ಹಾಗೆ. ನಟ್‌ನ (ತಲೆಯ ಹತ್ತಿರ ತಂತಿ ಕೂರುವ ಪಟ್ಟಿ) ಗೆರೆ, ಕೊನೆಯ ಫ್ರೆಟ್‌ನ ಗೆರೆ ಎರಡೂ ಒಂದೇ ಸಮ ಕಾಣಬೇಕು. ಒಂದು ಓರೆಯಾಗಿ ಕಂಡರೆ ಅದನ್ನು ಅಲ್ಲೇ ವಾಪಸ್ ಇಡುತ್ತೇನೆ. ಬಣ್ಣ ಎಷ್ಟೇ ಚೆಂದ ಇರಲಿ.

ಹಳೇ ಮಾದರಿಯ ಬೇಸ್ ಅಂದರೆ ಮುಖ್ಯವಾಗಿ ಎರಡು. ಅಮೆರಿಕದ ಗಿಟಾರ್ ತಯಾರಕ ಲಿಯೋ ಫೆಂಡರ್ 1951ರಲ್ಲಿ ತಂದ ಪ್ರಿಸಿಷನ್, 1960ರಲ್ಲಿ ಬಂದ ಜಾಝ್. ಇವತ್ತು ಬೇರೆ ಬೇರೆ ಕಂಪನಿಗಳು ಮಾಡುವ ಬೇಸ್‌ಗಳಲ್ಲಿ ಎಷ್ಟೋ ಇವುಗಳದ್ದೇ ನಕಲು. ಎರಡರಲ್ಲೂ ತಂತಿಯ ಉದ್ದ 34 ಇಂಚು. ಆದರೆ ಜಾಝ್ ನೆಕ್ ನಟ್ ಹತ್ತಿರ ಸುಮಾರು 38 ಮಿ.ಮೀ. ಅಗಲ, ಪ್ರಿಸಿಷನ್ ಅದಕ್ಕಿಂತ ಅಗಲ. ನನ್ನ ಅಂಗೈ ಚಿಕ್ಕದು, ಅದಕ್ಕೇ ಜಾಝ್ ಮಾದರಿ ಹಿಡಿದೆ. ಹೆಸರು ನೋಡಿ ಆರಿಸಬೇಡಿ, ಕೈ ನೋಡಿ ಆರಿಸಿ.

ಜಾಝ್‌ಗೆ ಒಂದು ತೊಂದರೆ ಇದೆ. ಗಣೇಶೋತ್ಸವದ ಪೆಂಡಾಲ್‌ನಲ್ಲಿ ಜನರೇಟರ್, ಸೀರಿಯಲ್ ಲೈಟು, ಡಿಮ್ಮರ್ ಎಲ್ಲ ಒಟ್ಟಿಗೆ ಇರುತ್ತವೆ. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಪಿಕಪ್ ಜಾಝ್‌ನಲ್ಲಿ ಎರಡು. ಒಂದನ್ನೇ ಇಟ್ಟುಕೊಂಡರೆ ಆಂಪ್‌ನಿಂದ (ಆಂಪ್ಲಿಫೈಯರ್) ‘ಹೂಂ’ ಅಂತ ಸದ್ದು ಶುರು. ಎರಡೂ ಪಿಕಪ್‌ನ ವಾಲ್ಯೂಮ್ ಪೂರ್ತಿ ತಿರುಗಿಸಿ ನೋಡಿ, ಆ ಸದ್ದು ಬಹುಪಾಲು ಅಡಗುತ್ತದೆ. ಒಂದು ಪಿಕಪ್‌ನ ಸುರುಳಿ ಇನ್ನೊಂದಕ್ಕೆ ಉಲ್ಟಾ ಸುತ್ತಿರುತ್ತಾರೆ, ಒಂದರ ಸದ್ದನ್ನು ಇನ್ನೊಂದು ಹೊಡೆದುಹಾಕುತ್ತದೆ. 1957ರಿಂದ ಪ್ರಿಸಿಷನ್‌ನಲ್ಲಿ ಒಂದೇ ಪಿಕಪ್ಪನ್ನು ಎರಡು ತುಂಡು ಮಾಡಿ ಇದೇ ಕೆಲಸ ಮಾಡಿಸಿದ್ದಾರೆ.

ಅಂಗಡಿಯಲ್ಲಿ ತಕ್ಷಣ ಆಂಪ್‌ಗೆ ಹಾಕಬೇಡಿ. ಮೊದಲು ಸುಮ್ನೆ ನುಡಿಸಿ. ನಾನು ಬೇಸ್‌ನ ಒಡಲಿನ ಮೇಲಿನ ಕೊಂಬಿಗೆ (ಚಾಚಿದ ತುದಿ) ಕಿವಿ ಒತ್ತಿ ಕೇಳುತ್ತೇನೆ, ಮರ ಗುಂಯ್‌ಗುಡುವುದು ಮೂಳೆಗೇ ತಾಗುತ್ತದೆ. ಆಮೇಲೆ ಪ್ರತಿ ಫ್ರೆಟ್ ಒಂದೊಂದಾಗಿ. ಜಿ ತಂತಿಯಲ್ಲಿ ಐದರಿಂದ ಏಳನೇ ಫ್ರೆಟ್‌ವರೆಗೆ ಜಾಸ್ತಿ ಗಮನ ಕೊಡಿ. ಈ ಮಾದರಿಯ ಬೇಸ್‌ಗಳಲ್ಲಿ ಅಲ್ಲೊಂದು ಸ್ವರ ಬೇಗ ಸತ್ತುಹೋಗುವುದು ಸಾಮಾನ್ಯ. ಸ್ವಲ್ಪ ಇದ್ದರೆ ನಡೆಯುತ್ತೆ. ಠಕ್ಕಂತ ನಿಂತರೆ ಬೇರೆ ಬೇಸ್ ನೋಡಿ.

ಇನ್ನು ಸಾಕುವ ವಿಷಯ. ನಾಲ್ಕೂ ತಂತಿ ಸೇರಿ ಸುಮಾರು 75 ಕೆಜಿ ಭಾರದಷ್ಟು ನೆಕ್ಕನ್ನು ಎಳೆಯುತ್ತಿರುತ್ತವೆ. ಅದಕ್ಕೆ ಎದುರಾಗಿ ನಿಲ್ಲುವುದು ಒಳಗಿರುವ ಉಕ್ಕಿನ ಟ್ರಸ್ ರಾಡ್. ನಮ್ಮ ಕಡೆ ಜೂನ್ ಮಳೆ ಹಿಡಿಯಿತು ಅಂದರೆ ಮರ ತೇವ ಹೀರುತ್ತದೆ, ನೆಕ್ ಮುಂದಕ್ಕೆ ಬಾಗುತ್ತದೆ, ತಂತಿ ಎದ್ದು ನಿಲ್ಲುತ್ತದೆ. ಬಯಲುಸೀಮೆಯ ಗೆಳೆಯನಿಗೆ ಇದರ ಉಲ್ಟಾ ಕಷ್ಟ. ಮಾರ್ಚ್‌ನಲ್ಲಿ ಅವನ ಫ್ರೆಟ್‌ಬೋರ್ಡ್ (ಫ್ರೆಟ್ ಕೂರಿಸಿದ ಹಲಗೆ) ಒಣಗಿ ಕುಗ್ಗಿ, ಫ್ರೆಟ್‌ನ ತುದಿಗಳು ಹೊರಬಂದು ಅಂಗೈ ಕೆರೆಯುತ್ತವೆ.

ನಾನು ಮಾಡುವುದು ಹೀಗೆ. ಮೊದಲು ಶ್ರುತಿ ಸರಿಮಾಡಿಕೊಳ್ಳುತ್ತೇನೆ. ಇ ತಂತಿಯನ್ನು ಮೊದಲ ಫ್ರೆಟ್‌ನಲ್ಲೂ ಕೊನೆಯ ಫ್ರೆಟ್‌ನಲ್ಲೂ ಒತ್ತಿ ಹಿಡಿದು, ಏಳು-ಎಂಟನೇ ಫ್ರೆಟ್ ಹತ್ತಿರ ತಂತಿಗೂ ಫ್ರೆಟ್‌ಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸುತ್ತೇನೆ. ಕಾರ್ಡ್ ಹಗುರಾಗಿ ಸವರಿಕೊಂಡು ಹೋಗಬೇಕು, ಅಂದರೆ ಸುಮಾರು 0.3 ಮಿ.ಮೀ. ಸಂದು. ಜಾಸ್ತಿ ಇದ್ದರೆ ತಂತಿ ಸ್ವಲ್ಪ ಸಡಿಲಿಸಿ, ಟ್ರಸ್ ರಾಡ್‌ಗೆ ಅಲೆನ್ ಕೀ ಹಾಕಿ, ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ಕಾಲು ಸುತ್ತು. ಅಷ್ಟೇ. ಮತ್ತೆ ಶ್ರುತಿ ಮಾಡಿ ಒಂದು ರಾತ್ರಿ ಬಿಡುತ್ತೇನೆ. ಮರ ನಿಧಾನಕ್ಕೆ ಮಾತು ಕೇಳುತ್ತದೆ. ರಾಡ್ ಬಿಗಿಯಾಗಿ ತಡೆದರೆ ಬಲ ಹಾಕಬೇಡಿ, ಅದು ತುಂಡಾದರೆ ನೆಕ್ಕೇ ಹೋದ ಹಾಗೆ.

ನುಡಿಸಿದ ಮೇಲೆ ಹಳೇ ಪಂಚೆಯ ತುಂಡಿನಿಂದ ತಂತಿಯ ಅಡಿಭಾಗವನ್ನೂ ಒರೆಸುತ್ತೇನೆ. ತುಕ್ಕು ಹಿಡಿಯುವುದು ಅಲ್ಲೇ. ರೋಸ್‌ವುಡ್ ಫ್ರೆಟ್‌ಬೋರ್ಡ್‌ಗೆ ವರ್ಷಕ್ಕೊಮ್ಮೆ ನಾಲ್ಕು ಹನಿ ಫ್ರೆಟ್‌ಬೋರ್ಡ್ ಎಣ್ಣೆ ಹಾಕಿ, ಪೂರ್ತಿ ಒರೆಸಿಬಿಡುತ್ತೇನೆ. ಮೇಪಲ್‌ಗೆ ಪಾಲಿಶ್ ಕೊಟ್ಟಿರುತ್ತಾರೆ, ಅದಕ್ಕೆ ಎಣ್ಣೆ ಬೇಡ. ಮನೆಯಲ್ಲಿ ಇದೆ ಅಂತ ಕೊಬ್ಬರಿ ಎಣ್ಣೆಯನ್ನಂತೂ ಹಚ್ಚಲೇಬೇಡಿ, ಒಣಗುವುದಿಲ್ಲ, ಕಮಟು ಹಿಡಿಯುತ್ತದೆ.

ತಂತಿ ಈಗ ಫ್ಲಾಟ್‌ವೂಂಡ್, ಅಂದರೆ ಹೊರಗೆ ಚಪ್ಪಟೆ ಪಟ್ಟಿ ಸುತ್ತಿದ್ದು. ಮೇಲ್ಮೈ ನುಣುಪು, ಬೆರಳು ಜಾರಿದರೆ ಕೀಚಲು ಸದ್ದಿಲ್ಲ, ಫ್ರೆಟ್ ಸವೆಯುವುದೂ ಕಡಿಮೆ. ಬೆಲೆ ಜಾಸ್ತಿ, ಆದರೆ ವರ್ಷಗಟ್ಟಲೆ ಬರುತ್ತೆ. ನಮಗೆ ಬರುವ ಫರ್ಮಾಯಿಶ್‌ಗಳಲ್ಲಿ ಎಂಬತ್ತರ ದಶಕದ ಹಾಡುಗಳೇ ಹೆಚ್ಚು. ಇಳಯರಾಜ ಅವರ ಹಾಡಿನಲ್ಲಿ ಬೇಸ್ ಬರೀ ತಾಳಕ್ಕೆ ಕೂತಿರುವುದಿಲ್ಲ ಅಲ್ವಾ, ತಾನೇ ಇನ್ನೊಂದು ಹಾಡು ಹಾಡುತ್ತಿರುತ್ತದೆ. ಆ ದುಂಡಗಿನ ನಾದ ಈ ತಂತಿಯಲ್ಲಿ ಸಿಗುತ್ತದೆ.

ಕಳೆದ ಜುಲೈನಲ್ಲಿ ಒಂದು ಮದುವೆಯ ಆರತಕ್ಷತೆ ಇತ್ತು. ಹಿಂದಿನ ರಾತ್ರಿ ಕಾಲು ಸುತ್ತು ಕೊಟ್ಟು ಮಲಗಿದ್ದೆ. ಬೆಳಿಗ್ಗೆ ಪೆಟ್ಟಿಗೆ ತೆರೆದು ಕಾರ್ಡ್ ತೂರಿಸಿದರೆ ಹಗುರಾಗಿ ಸವರಿಕೊಂಡು ಹೋಯಿತು. ಹೊರಗೆ ಮಳೆ ಸುರಿಯುತ್ತಲೇ ಇತ್ತು.