ಐವತ್ತು ದಾಟಿದ ಮೇಲೆ ಕೆಲಸದಿಂದ ತೆಗೆದರೆ

"ರಾಜೀನಾಮೆ ಬರೆದುಕೊಡಿ, ಸೆಟ್ಲ್‌ಮೆಂಟ್ ಬೇಗ ಮಾಡಿಸ್ತೀವಿ" ಅಂದರೆ ಬರೆಯಬೇಡಿ. ಪೀಣ್ಯದ ಕಾರ್ಖಾನೆಗಳ ಪಿಎಫ್ ಲೆಕ್ಕ ಬರೆದೇ ತಲೆ ನರೆತವಳು ನಾನು. ಆ ಒಂದು ಹಾಳೆ ಎಷ್ಟು ದುಬಾರಿ ಅಂತ ಗೊತ್ತು. ಕೆಲಸಗಾರರನ್ನು ರಿಟ್ರೆಂಚ್ ಮಾಡಿದರೆ, ಅಂದರೆ ತಪ್ಪಿಲ್ಲದಿದ್ದರೂ ಹೆಚ್ಚಾದರೆಂದು ತೆಗೆದರೆ, ಕನಿಷ್ಠ ಒಂದು ತಿಂಗಳ ನೋಟಿಸ್ ಅಥವಾ ಆ ಸಂಬಳ, ಜೊತೆಗೆ ಪೂರೈಸಿದ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. ರಾಜೀನಾಮೆ ಕೊಟ್ಟಿರೋ, ಅದು ಹೋಯಿತು.

ವಯಸ್ಸಾಯಿತೆಂದು ತೆಗೆದರು ಅಂತ ದೂರು ಕೊಡೋಣವೆಂದರೆ, ಖಾಸಗಿ ನೌಕರಿಯಲ್ಲಿ ವಯಸ್ಸಿನ ತಾರತಮ್ಯವನ್ನೇ ಹೆಸರಿಸಿ ತಡೆಯುವ ಕಾನೂನು ನಮ್ಮಲ್ಲಿಲ್ಲ. ಆದರೆ ಒಂದು ಹಿಡಿ ಇದೆ. ಒಂದೇ ವರ್ಗದ ಕೆಲಸಗಾರರಲ್ಲಿ ಸಾಮಾನ್ಯವಾಗಿ ಕೊನೆಗೆ ಸೇರಿದವರನ್ನೇ ಮೊದಲು ತೆಗೆಯಬೇಕು. ಇಲ್ಲದಿದ್ದರೆ ಕಾರಣ ಬರೆದಿಡಬೇಕು. ಮೊನ್ನೆ ಲೇತ್‌ಗೆ ಬಂದ ಹುಡುಗ ಒಳಗಿದ್ದು ನೀವು ಹೊರಗಿದ್ದರೆ, ಕಾರ್ಮಿಕ ಇಲಾಖೆಯ ಅಧಿಕಾರಿಯ ಮುಂದೆ ಅದನ್ನೇ ಬರೆದುಕೊಡಿ. ತಡಮಾಡಬೇಡಿ, ಇದಕ್ಕೆ ಕಾಲಮಿತಿ ಇದೆ. ಮ್ಯಾನೇಜರ್‌ಗಳಿಗೆ ಈ ದಾರಿಯಿಲ್ಲ, ಅವರು ನೇಮಕಾತಿ ಪತ್ರ ಹಿಡಿದು ವಕೀಲರನ್ನೇ ಕಾಣಬೇಕು.

ಗ್ರಾಚ್ಯುಯಿಟಿ, ಅಂದರೆ ಸೇವೆಯ ವರ್ಷಗಳಿಗೆ ಕೊಡುವ ಇಡಿಗಂಟು, ಇದರಿಂದ ಬೇರೆ. ಐದು ವರ್ಷ ದುಡಿದಿದ್ದರೆ ಸಾಕು, ರಾಜೀನಾಮೆ ಕೊಟ್ಟವರಿಗೂ ಸಿಗುತ್ತದೆ. ಕೊನೆಯ ತಿಂಗಳ ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 26,000 ಇದ್ದು 18 ವರ್ಷ ಆಗಿದ್ದರೆ 2,70,000 ರೂಪಾಯಿ. ಮೂವತ್ತು ದಿನದಲ್ಲಿ ಕೊಡಬೇಕು, ತಡವಾದರೆ ಬಡ್ಡಿ.

ಇನ್ನು ಪಿಂಚಣಿ. ಜನ ಎಡವುವುದು ಇಲ್ಲೇ. ಪಿಎಫ್ ಜೊತೆಗೇ ಬರುವ ನೌಕರರ ಪಿಂಚಣಿ ಯೋಜನೆ, ಇಪಿಎಸ್-95ರಲ್ಲಿ ಹತ್ತು ವರ್ಷ ಸೇವೆಯಿದ್ದರೆ 58ಕ್ಕೆ ಪೂರ್ತಿ ಪಿಂಚಣಿ. 50 ಆದ ಮೇಲೆ, ಕೆಲಸ ಬಿಟ್ಟಿದ್ದರೆ, ಮೊದಲೇ ಕೇಳಬಹುದು. ಹಾಗೆ ಕೇಳಿದರೆ ಕಡಿಮೆಯಾಗುವ ಪ್ರತಿ ವರ್ಷಕ್ಕೆ 4% ಕಡಿತ, ಅದೂ ಜೀವನಪೂರ್ತಿ. ಲೆಕ್ಕ ಹಾಕಿ: 2014ರ ಸೆಪ್ಟೆಂಬರ್‌ಗೆ ಮುಂಚಿನ ಸೇವೆಗೆ ಲೆಕ್ಕಕ್ಕೆ ಹಿಡಿಯುವ ತಿಂಗಳ ಸಂಬಳ ಗರಿಷ್ಠ 6,500, ಆಮೇಲಿನದಕ್ಕೆ 15,000. ಮುಂಚೆ 8 ವರ್ಷ, ಆಮೇಲೆ 10 ವರ್ಷ ಆಗಿದ್ದರೆ, ಆಯಾ ವರ್ಷಗಳನ್ನು ಆಯಾ ಮೊತ್ತದಿಂದ ಗುಣಿಸಿ, ಎರಡನ್ನೂ ಕೂಡಿ 70ರಿಂದ ಭಾಗಿಸಿ. ತಿಂಗಳಿಗೆ 2,885. ಅದನ್ನೇ 54ಕ್ಕೆ ತೆಗೆದುಕೊಂಡರೆ 2,450ರ ಆಸುಪಾಸು. ಎಂಬತ್ತು ಸಾವಿರ ಸಂಬಳದವರಿಗೂ ಮಿತಿಯೊಳಗೇ ವಂತಿಗೆ ಕಟ್ಟಿದ್ದರೆ ಇಷ್ಟೇ, ಬೈಕೊಂಡು ಪ್ರಯೋಜನವಿಲ್ಲ. ಮನೆ ಹೇಗೋ ನಡೆಯುತ್ತಿದ್ದರೆ ಕಾಯಿರಿ, ಅಂತ ನನ್ನ ಅಭಿಪ್ರಾಯ. ಅರ್ಜಿ ಫಾರಂ 10ಡಿ.

ಕಂಪನಿಯವರು ಯುಎಎನ್‌ನಲ್ಲಿ (ನಿಮ್ಮ ಪಿಎಫ್‌ನ ಖಾಯಂ ಸಂಖ್ಯೆ) ಕೆಲಸ ಬಿಟ್ಟ ದಿನಾಂಕ ಹಾಕದಿದ್ದರೆ ಕ್ಲೇಮ್ ಮುಂದೆ ಹೋಗುವುದಿಲ್ಲ. ಕೊನೆಯ ವಂತಿಗೆ ಜಮೆಯಾಗಿ ಎರಡು ತಿಂಗಳಾದ ಮೇಲೆ ಪಿಎಫ್ ವೆಬ್‌ಸೈಟಿನ 'ಮಾರ್ಕ್ ಎಕ್ಸಿಟ್'ನಲ್ಲಿ ನೀವೇ ಹಾಕಿಕೊಳ್ಳಬಹುದು. ಜನ್ಮದಿನಾಂಕ ಆಧಾರ್‌ನಲ್ಲೊಂದು, ಪಿಎಫ್‌ನಲ್ಲೊಂದು ಇದ್ದರೆ ಅದನ್ನು ತಿದ್ದಿಸಲು ಜಾಯಿಂಟ್ ಡಿಕ್ಲರೇಶನ್ ಅರ್ಜಿ ಬೇಕು. ಹಳೇ ಖಾತೆಗಳಿಗೆ ಸಾಮಾನ್ಯವಾಗಿ ಮಾಲೀಕರ ಒಪ್ಪಿಗೆಯೂ ಬೇಕಾಗುತ್ತದೆ. ಗೇಟ್‌ಪಾಸ್ ವಾಪಸ್ ಕೊಡುವ ಮೊದಲೇ ಅದನ್ನು ಮುಗಿಸಿಕೊಳ್ಳಿ.