ಹಳೇ ಓಮ್ನಿ, ಆರು ಕ್ರೇಟು, ಐದು ರಾತ್ರಿ

ನಮ್ಮ ಮನೆಯವರದು ಕಲಬುರಗಿಯಲ್ಲಿ ಮೋಟಾರ್ ರಿವೈಂಡಿಂಗ್ ಅಂಗಡಿ. ಸುಟ್ಟುಹೋದ ಪಂಪ್‌ಸೆಟ್ ಮೋಟಾರುಗಳನ್ನು ಹೊತ್ತು ತರೋಕೆ ಒಂದು ಹಳೇ ಮಾರುತಿ ಓಮ್ನಿ ವ್ಯಾನ್ ಇದೆ. ಅದರಲ್ಲೇ ಮಲಗಿಕೊಂಡು ಬೀದರ್, ಯಾದಗಿರಿ ತಿರುಗಿ ಬರೋಣ ಅಂತ ಅವರು ಹೇಳಿದಾಗ ನಾನು ನಕ್ಕುಬಿಟ್ಟೆ. ವಾರ್ನಿಶ್ ವಾಸನೆ, ತಾಮ್ರದ ತಂತಿ ಚೂರು, ಗ್ರೀಸು. ಅದರೊಳಗೆ ಗಾದಿ ಹಾಸೋದಾ? ಆದರೂ ಸಂಕ್ರಾಂತಿ ಮುಗಿದ ವಾರ ಅಂಗಡಿ ಹುಡುಗ "ನಾ ನೋಡ್ಕೋತೀನ್ರಿ, ನೀವು ಹೋಗಿ ಬರ್ರಿ" ಅಂದ. ಹೊರಟೆವು.

ಗಾಡಿ ಸಿದ್ಧ ಮಾಡೋಕೆ ಎರಡು ಭಾನುವಾರ ಹಿಡಿಯಿತು. ಹಿಂದಿನ ಸೀಟು ಬಿಚ್ಚಿ ಅಟ್ಟಕ್ಕೆ ಹಾಕಿದರು. ತರಕಾರಿ ಮಾರ್ಕೆಟ್‌ನಲ್ಲಿ ಸಿಗೋ ಪ್ಲಾಸ್ಟಿಕ್ ಕ್ರೇಟು ಆರು ತಂದು ಬೋರಲು ಹಾಕದೆ ಅಡ್ಡಡ್ಡ ಮಲಗಿಸಿದರು, ಬಾಯಿ ಬಾಗಿಲ ಕಡೆ ಇರುವಂತೆ. ಅದೇ ಮಂಚದ ಕಾಲು, ಅದೇ ಸಾಮಾನಿನ ಕಪಾಟು. ಮೇಲೆ 12 ಎಂಎಂ ಪ್ಲೈವುಡ್, ಅದರ ಮೇಲೆ ಮನೆಯ ಗಾದಿ. ಹಲಗೆ ಉದ್ದ ಐದೂವರೆ ಅಡಿ. ನನಗೆ ಸಾಕು, ಅವರು ಓರೆಯಾಗಿ ಮಲಗಬೇಕು. ಆ ಐದು ರಾತ್ರಿ ನಮ್ಮಿಬ್ಬರ ಜಗಳ ಎಲ್ಲಾ ಅವರ ಮೊಣಕಾಲಿಂದಲೇ.

ವೆಲ್ಡಿಂಗ್ ಮಾಡಿಸಬೇಡಿ ಅಂತ ನಾನೇ ಹೇಳಿದ್ದೆ. ಆರ್‌ಸಿಯಲ್ಲಿ (ಗಾಡಿಯ ನೋಂದಣಿ ಪತ್ರ) ಇರೋದಕ್ಕಿಂತ ಬೇರೆ ಆಗೋ ಹಾಗೆ ಗಾಡಿ ಬದಲಾಯಿಸಬಾರದು ಅಂತ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಲ್ಲಿದೆ. ಅದಕ್ಕೇ ನಮ್ಮದೆಲ್ಲಾ ಹಗ್ಗ, ಕೊಕ್ಕೆ. ಅರ್ಧ ಗಂಟೆಯಲ್ಲಿ ಎಲ್ಲಾ ಬಿಚ್ಚಿ ಮತ್ತೆ ಮೋಟಾರು ತುಂಬಬಹುದು. ಆದರೆ ಹಗ್ಗ ಬಿಗಿಯಾಗಿರಬೇಕು. ಹುಮನಾಬಾದ್ ರಿಂಗ್ ರೋಡಿನಿಂದ ಆಚೆ ಬರ್ತಾ ಒಂದು ಎಮ್ಮೆ ಅಡ್ಡ ಬಂತು, ಬ್ರೇಕ್ ಹೊಡೆದರು. ಇಡೀ ಹಾಸಿಗೆ ಕ್ರೇಟು ಸಮೇತ ಜಾರಿ ನಮ್ಮ ಬೆನ್ನಿಗೆ ಬಂದು ಕೂತಿತು. ಶೇಂಗಾ ಹಿಂಡಿ ಡಬ್ಬಿ ಒಡೆದು ಗಾದಿಯೆಲ್ಲಾ ಕೆಂಪು.

ಸೊಳ್ಳೆ ಪರದೆಗೆ ಅವರು ಮಾಡಿದ್ದು ಮಾತ್ರ ಮೆಚ್ಚಬೇಕು. ಅಂಗಡಿಯಲ್ಲಿ ಕೆಟ್ಟ ಸ್ಪೀಕರ್‌ಗಳ ಆಯಸ್ಕಾಂತ ಬೇಕಾದಷ್ಟು ಬಿದ್ದಿರುತ್ತವೆ. ಹಳೇ ಸೊಳ್ಳೆ ಪರದೆಯನ್ನು ಕಿಟಕಿ ಅಳತೆಗೆ ಕತ್ತರಿಸಿ, ಅಂಚಿಗೆ ನನ್ನ ಸೀರೆಯ ಫಾಲ್ ಹೊಲಿದು, ಮೂಲೆ ಮೂಲೆಗೆ ಒಂದೊಂದು ಆಯಸ್ಕಾಂತ ಒಳಗೆ ಸೇರಿಸಿದೆವು. ಬಾಗಿಲಿನ ತಗಡಿಗೆ ಟಪ್ ಅಂತ ಕಚ್ಚಿಕೊಳ್ಳುತ್ತದೆ. ಗ್ಲಾಸ್ ಎರಡು ಬೆರಳು ತೆರೆದಿಡಲೇಬೇಕು. ಮೊದಲ ರಾತ್ರಿ ಚಳಿ ಅಂತ ಪೂರ್ತಿ ಮುಚ್ಚಿದ್ದೆವು. ಬೆಳಗಿನ ಜಾವ ನಮ್ಮದೇ ಉಸಿರು ನೀರಾಗಿ ಮುಖದ ಮೇಲೆ ತೊಟ್ಟಿಕ್ಕುತ್ತಿತ್ತು. ಇನ್ನೊಂದು ಮಾತು, ಎಷ್ಟೇ ಚಳಿ ಇದ್ದರೂ ಗಾಡಿ ಒಳಗೆ ಸ್ಟೋವ್ ಹಚ್ಚಬೇಡಿ. ಮುಚ್ಚಿದ ಗಾಡಿಯಲ್ಲಿ ಅದರ ವಿಷಾನಿಲ ಗೊತ್ತೇ ಆಗದ ಹಾಗೆ ಪ್ರಾಣ ತೆಗೆಯುತ್ತದೆ. ನಾವು ಚಹಾ ಸಹ ಹೊರಗೇ ಮಾಡಿದ್ದು, ಗಾಳಿಗೆ ಅಡ್ಡ ನಾನು ಸೆರಗು ಹಿಡಿದು ನಿಂತು.

ಅಡುಗೆಗೆ ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ನಮ್ಮ ಕಡೆಯವರಿಗೆ ಈ ವಿಷಯದಲ್ಲಿ ಪುಣ್ಯ ಇದೆ. ನಲವತ್ತು ಖಡಕ್ ರೊಟ್ಟಿ ಬಟ್ಟೆಯಲ್ಲಿ ಕಟ್ಟಿಕೊಂಡರೆ ವಾರ ಅಲ್ಲ, ತಿಂಗಳು ಇರುತ್ತದೆ. ಗುರೆಳ್ಳು ಪುಡಿ, ಒಡೆದ ಡಬ್ಬಿಯಲ್ಲಿ ಉಳಿದ ಹಿಂಡಿ, ಊರಿಗೊಂದು ಕಡೆ ಮೊಸರು. ಮಧ್ಯಾಹ್ನ ಬಸ್ ಸ್ಟ್ಯಾಂಡ್ ಪಕ್ಕ ಸುಸಲಾ ಮಿರ್ಚಿ, ಅಂದ್ರೆ ಒಗ್ಗರಣೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ.

ದಾರಿ ಹೀಗಿತ್ತು: ಕಲಬುರಗಿ, ಕಮಲಾಪುರ, ಹುಮನಾಬಾದ್, ಬೀದರ್, ಅಲ್ಲಿಂದ ಮನ್ನಾಏಖೇಳಿ ಮೇಲೆ ಚಿಂಚೋಳಿ, ಸೇಡಂ, ಯಾದಗಿರಿ, ಶಹಾಪುರ, ಸುರಪುರ, ವಾಪಸ್ ಜೇವರ್ಗಿ ಮೇಲೆ ಮನೆ. ತಿರುಗಾಟ ಸೇರಿ ಐನೂರು ಕಿಲೋಮೀಟರ್ ಮೇಲೆ ಸ್ವಲ್ಪ. ಓಮ್ನಿಯ ಇಂಜಿನ್ ಮುಂದಿನ ಸೀಟಿನ ಕೆಳಗೇ ಇರೋದು. ಬೇಸಿಗೆಯಲ್ಲಿ ಕೂತಲ್ಲೇ ರೊಟ್ಟಿ ಬೇಯಿಸಬಹುದು, ಜನವರಿಯಲ್ಲಿ ಅದೇ ಸುಖ.

"ನಮ್ಮ ಕಡೆ ನೋಡೋಕೆ ಏನದ?" ಅಂತ ನಮ್ಮವರೇ ಕೇಳ್ತಾರೆ, ಅಲ್ವಾ? ಜನವರಿಯಲ್ಲಿ ಒಂದು ಸಲ ಮುಖ್ಯ ರಸ್ತೆ ಬಿಟ್ಟು ಹೋಗಿ ನೋಡಿ. ತೊಗರಿ ರಾಶಿ ನಡೆದಿರುತ್ತದೆ, ಜೋಳ ಎದೆಮಟ್ಟ ಬಂದು ತೆನೆ ಹಾಲು ತುಂಬಿರುತ್ತದೆ, ನಡುನಡುವೆ ಕುಸುಬಿ ಹೂವು ಹಳದಿಯಿಂದ ಕೇಸರಿಗೆ ತಿರುಗುತ್ತಿರುತ್ತದೆ. ಹುಮನಾಬಾದ್ ಹತ್ತಿರ ಜಲಸಂಗ್ವಿಯ ಗುಡಿಗೆ ಹೋದಾಗ ಅಲ್ಲಿ ನಾವಿಬ್ಬರೇ. ಹೊರಗೋಡೆಯ ಮೇಲೆ ಕಲ್ಲಲ್ಲಿ ಕೆತ್ತಿದ ಒಬ್ಬಳು ಹೆಂಗಸು ಹಲಗೆಯ ಮೇಲೆ ಚಾಲುಕ್ಯ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತಾ ನಿಂತಿದ್ದಾಳೆ. ಅವಳ ಸೊಂಟದ ತಿರುವು, ಬರೆಯೋ ಬೆರಳು ನೋಡುತ್ತಾ ಅರ್ಧ ದಿನ ಹೋಯಿತು. ಬಸ್ಸಿನಲ್ಲಿ ಬಂದಿದ್ದರೆ ಹತ್ತು ನಿಮಿಷ.

ಬೀದರ್‌ನಲ್ಲಿ ಎರಡು ರಾತ್ರಿ. 1472ರಲ್ಲಿ ಕಟ್ಟಿದ ಮಹಮೂದ್ ಗವಾನ್ ಮದರಸಾ ನೋಡಿದೆವು, ಉಳಿದಿರೋ ಒಂದೇ ಮಿನಾರಿನ ಮೇಲೆ ಬಣ್ಣದ ಹೆಂಚು ಇನ್ನೂ ಅಲ್ಲಲ್ಲಿ ಅಂಟಿಕೊಂಡಿದೆ. ಸಂಜೆ ಅಷ್ಟೂರಿನಲ್ಲಿ ಬಹಮನಿ ಸುಲ್ತಾನರ ಗೋರಿ ಗುಂಬಜ್‌ಗಳ ಹತ್ತಿರ ಕೂತೆವು. ನಾನಕ್ ಝೀರಾ ಗುರುದ್ವಾರದಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ಲಂಗರ್ ಊಟ. ಪಾರ್ಕಿಂಗ್ ನೋಡಿಕೊಳ್ಳುವ ಹಿರಿಯರನ್ನು ಕೇಳಿ ಅಲ್ಲೇ ಗಾಡಿ ನಿಲ್ಲಿಸಿ ಮಲಗಿದೆವು. ಲೈಟು, ನೀರು, ಟಾಯ್ಲೆಟ್ಟು ಎಲ್ಲಾ ಹತ್ತಿರ. ಐದು ರಾತ್ರಿಯಲ್ಲಿ ನಾನು ಗಾಢವಾಗಿ ನಿದ್ದೆ ಮಾಡಿದ್ದು ಅಲ್ಲಿ ಮಾತ್ರ.

ಈ ತಿರುಗಾಟದಲ್ಲಿ ಹಾಸಿಗೆ ಕಷ್ಟ ಅಲ್ಲ, ರಾತ್ರಿ ನಿಲ್ಲಿಸೋ ಜಾಗ ಕಷ್ಟ. ಸೂರ್ಯ ಮುಳುಗೋಕೆ ಒಂದು ಗಂಟೆ ಮುಂಚೆ ಹುಡುಕೋಕೆ ಶುರು ಮಾಡಬೇಕು. ಚಿಂಚೋಳಿಯಲ್ಲಿ ಚಂದ್ರಂಪಳ್ಳಿ ಡ್ಯಾಮ್ ನೋಡಿ ಅಲ್ಲೇ ನಿಂತುಬಿಡೋಣ ಅಂತ ಇವರಿಗೆ ಆಸೆ. ಅದು ವನ್ಯಜೀವಿ ಧಾಮ, ಅನುಮತಿ ಇಲ್ಲದೆ ರಾತ್ರಿ ನಿಲ್ಲುವಂತಿಲ್ಲ. ಕತ್ತಲಾಗುವ ಮುಂಚೆ ಹೊರಗೆ ಬಂದು ಒಂದು ಹಳ್ಳಿಯ ಹನುಮಪ್ಪನ ಗುಡಿ ಮುಂದೆ ನಿಲ್ಲಿಸಿದೆವು. ಕಟ್ಟೆ ಮೇಲೆ ಕೂತಿದ್ದವರನ್ನು ಇವರು ಕೇಳಿದರೆ ಹತ್ತು ಪ್ರಶ್ನೆ ಬರುತ್ತಿತ್ತು. ಅದಕ್ಕೆ ನಾನು ಇಳಿದು ಪಕ್ಕದ ಮನೆಯ ಅವ್ವನ ಹತ್ತಿರ ಹೋದೆ. "ಅವ್ವಾ, ರಾತ್ರಿ ಇಲ್ಲಿ ಗಾಡಿ ನಿಲ್ಲಿಸ್ತೀವಿ, ನಡೀತದೇನು?" ಆಕೆ ಒಳಗೆ ಬಗ್ಗಿ ಗಾದಿ ನೋಡಿದಳು, ನನ್ನ ತಾಳಿ ನೋಡಿದಳು. "ಮನಿ ಇದ್ದೂ ಗಾಡ್ಯಾಗ ಯಾಕ ಮಲ್ಕೋತೀರಿ? ಒಳಗ ಬರ್ರಿ." ಒಳಗೆ ಮಲಗಲಿಲ್ಲ, ಆದರೆ ಪುಂಡಿ ಪಲ್ಯ ಬಂತು, ಬಿಸಿ ರೊಟ್ಟಿ ಬಂತು, ಬೆಳಗ್ಗೆ ಸ್ನಾನಕ್ಕೆ ಬಿಸಿನೀರೂ ಬಂತು. ಅವತ್ತಿನಿಂದ ಕೇಳೋ ಕೆಲಸ ನನ್ನದೇ ಆಯಿತು.

ಹೆಂಗಸರಿಗೆ ಟಾಯ್ಲೆಟ್ ವಿಷಯ ಯಾರೂ ಬರೆಯಲ್ಲ, ನಾನು ಬರೆಯುತ್ತೇನೆ. ಹೆದ್ದಾರಿಯ ದೊಡ್ಡ ಪೆಟ್ರೋಲ್ ಬಂಕ್‌ಗಳಲ್ಲಿ ಬೆಳಗ್ಗೆ ಐದೂವರೆಗೆ ಹೋದರೆ ತೊಳೆದಿರುತ್ತದೆ, ಎಂಟಕ್ಕೆ ಹೋದರೆ ಕೈ ಮುಗಿದು ವಾಪಸ್ ಬರಬೇಕು. ಕೆಲವು ಕಡೆ ಹೆಂಗಸರದಕ್ಕೆ ಬೀಗ, ಕೀಲಿ ಆಫೀಸಿನೊಳಗೆ, ಸಂಕೋಚ ಪಡದೆ ಕೇಳಿ ಇಸ್ಕೊಳ್ಳಿ. ಒಂದು ಬಕೆಟ್, ಮಗ್ಗು, ಟಾರ್ಚು ನನ್ನ ಕೈಗೆ ಸಿಗುವ ಕ್ರೇಟಿನಲ್ಲೇ ಇರುತ್ತಿತ್ತು. ರಾತ್ರಿ ಎಂಟರ ಮೇಲೆ ನಾನು ಚಹಾ ಮುಟ್ಟಲಿಲ್ಲ.

ಇನ್ನು ನಮ್ಮ ಫಜೀತಿ. ಶಹಾಪುರ ಮುಟ್ಟುವ ಮುಂಚೆ ಗುಡ್ಡಗಳ ಸಾಲು ಮಲಗಿದ ಬುದ್ಧನ ಹಾಗೆ ಕಾಣುತ್ತದೆ, ಹಣೆ, ಮೂಗು, ಎದೆ ಎಲ್ಲಾ ಸ್ಪಷ್ಟ. ಬೆಳಗಿನ ಬಿಸಿಲಲ್ಲಿ ಅದನ್ನು ಹಾಸಿಗೆಯಿಂದಲೇ ನೋಡಬೇಕು ಅಂತ ಇವರಿಗೆ ಹಟ. ಹೊಲದ ಒಡೆಯರನ್ನು ಕೇಳಿದೆವು, ಬದುವಿನ ಪಕ್ಕ ನಿಲ್ಲಿಸಿ ಅಂದರು. ನೆಲ ಕಲ್ಲಿನ ಹಾಗೆ ಗಟ್ಟಿ ಇತ್ತು. ರಾತ್ರಿ ಮೂರಕ್ಕೆ ತ್ರೀ ಫೇಸ್ ಕರೆಂಟು ಬಂದಿದೆ, ಪಕ್ಕದ ಹೊಲದವರು ಮೋಟಾರು ಹಚ್ಚಿದ್ದಾರೆ, ನೀರು ಬದು ಒಡೆದು ನಮ್ಮ ಕಡೆ ಬಂದಿದೆ. ಮೋಟಾರಿನ ಸದ್ದು ಕೇಳಿ ಇವರು ನಿದ್ದೆಗಣ್ಣಲ್ಲೇ "ಬೇರಿಂಗ್ ಹೋಗ್ಯಾದ ಅದರದು" ಅಂದು ಮಗ್ಗಲು ಬದಲಿಸಿದರು. ಬೆಳಗ್ಗೆ ಎದ್ದರೆ ಬುದ್ಧ ಕಾಣುತ್ತಿದ್ದ, ಹಿಂದಿನ ಚಕ್ರ ಕಾಣುತ್ತಿರಲಿಲ್ಲ. ಕಪ್ಪು ಎರೆ ಮಣ್ಣು ಅರ್ಧ ನುಂಗಿತ್ತು.

ಓಮ್ನಿಗೆ ತಿರುಗೋದು ಹಿಂದಿನ ಚಕ್ರ. ಹಿಂದೆ ಭಾರ ಇಲ್ಲದಿದ್ದರೆ ಅದು ಕೆಸರಲ್ಲಿ ಸುಮ್ನೆ ಗಿರಗಿರ ತಿರುಗುತ್ತದೆ. ತೊಗರಿ ಕಟ್ಟಿಗೆ ತಂದು ಚಕ್ರದ ಕೆಳಗೆ ತುರುಕಿದೆವು. ಭಾರಕ್ಕೆ ಅಂತ ನನ್ನನ್ನು ಹಿಂದೆ ಕೂರಿಸಿದರು, ಮದುವೆಯಾಗಿ ಹನ್ನೊಂದು ವರ್ಷದಲ್ಲಿ ನನ್ನ ತೂಕ ಉಪಯೋಗಕ್ಕೆ ಬರುತ್ತೆ ಅಂತ ಅವರಿಗೆ ಅನಿಸಿದ್ದು ಅವತ್ತೇ. ಇನ್ನೂ ಕೆಳಗೆ ಹೋಯಿತು. ಕೊನೆಗೆ ಆ ಹೊಲದವರೇ ಟ್ರ್ಯಾಕ್ಟರ್ ತಂದರು. "ಒಣಗಿದ್ರ ಕಲ್ಲು, ತೊಯ್ದ್ರ ಬೆಣ್ಣಿ, ನಿಮಗ ಗೊತ್ತಿಲ್ಲೇನ್ರಿ?" ದುಡ್ಡು ಮುಟ್ಟಲಿಲ್ಲ. ಬದಲಿಗೆ ಇವರು ಆ ಮೋಟಾರು ಬಿಚ್ಚಿದರು, ನಿಜಕ್ಕೂ ಬೇರಿಂಗ್ ಹೋಗಿತ್ತು. ಶಹಾಪುರಕ್ಕೆ ಹೋಗಿ ಹೊಸದು ತಂದು ಹಾಕಿ ಮುಗಿಸುವಷ್ಟರಲ್ಲಿ ಮಧ್ಯಾಹ್ನ. ಅಷ್ಟು ಹೊತ್ತೂ ನಾನು ಆ ಮನೆಯ ಮಕ್ಕಳ ಜೊತೆ ಕುಳ್ಳಿನ ಬೆಂಕಿಯಲ್ಲಿ ಸುಟ್ಟ ಸೀತನಿ (ಎಳೆ ಜೋಳದ ತೆನೆಯ ಕಾಳು) ತಿಂದೆ, ಬೆಲ್ಲ, ಶೇಂಗಾ ಪುಡಿ ಹಚ್ಚಿಕೊಂಡು. ಸುರಪುರದಲ್ಲಿ ಬ್ರಿಟಿಷರ ಕಾಲದ ಬಂಗಲೆ ಟೇಲರ್ ಮಂಜಿಲ್ ಹೊರಗಿನಿಂದಷ್ಟೇ ನೋಡೋಕಾಯಿತು, ಬೋನಾಳ ಕೆರೆಯ ಹಕ್ಕಿಗಳು ಈ ಸಲ ತಪ್ಪಿದವು.

ಲೆಕ್ಕ ಕೇಳುವವರಿಗೆ: ಪ್ಲೈವುಡ್, ಕ್ರೇಟು, ಹಗ್ಗ ಸೇರಿ 3,400 ರೂಪಾಯಿ. ಪೆಟ್ರೋಲ್ ಸುಮಾರು 4,000. ಊಟ ಚಹಾ 1,300. ಪಂಕ್ಚರ್, ಪಾರ್ಕಿಂಗ್ ಸೇರಿ 350. ಬಸ್ಸಿನಲ್ಲಿ ಹೋಗಿ ಅಗ್ಗದ ಲಾಡ್ಜ್ ಹಿಡಿದಿದ್ದರೂ ಹೆಚ್ಚುಕಡಿಮೆ ಇಷ್ಟೇ ಆಗುತ್ತಿತ್ತೇನೋ, ಸುಳ್ಳು ಯಾಕೆ ಹೇಳಲಿ. ಎರಡನೇ ಸಲದಿಂದ ಹಲಗೆಯ ಖರ್ಚು ಇರಲ್ಲ.

ಹಲಗೆ ಈಗ ಅಂಗಡಿಯಲ್ಲಿದೆ. ಅದರ ಮೇಲೆ ಮೋಟಾರು ಬಿಚ್ಚಿ ಹರಡಿದ್ದಾರೆ, ಒಂದು ಮೂಲೆ ಆಗಲೇ ಗ್ರೀಸು. ಮುಂದಿನ ಸಲ ಬಸವಕಲ್ಯಾಣಕ್ಕೆ ಹೊರಡುವ ಮುಂಚೆ ಅದನ್ನು ಉಜ್ಜೋದು ನಿಮ್ಮ ಕೆಲಸ ಅಂತ ಇವರಿಗೆ ಹೇಳಿಟ್ಟಿದ್ದೇನೆ.