ಬಿರುಗಾಳೀಲಿ ಒಂದೇ ಹಗ್ಗ ಪದೇಪದೇ ಕಿತ್ತೋಗ್ತಿತ್ತು, ಹೀಗೆ ಸರಿ ಮಾಡಿದ್ವಿ

ಜೋರು ಗಾಳಿ ಎದ್ದಾಗೆಲ್ಲ ನಮ್ಮ ಕಂಟೇನರ್ ಹಡಗು ಜೆಟ್ಟಿಯಿಂದ ದೂರ ಸರೀತಿತ್ತು, ಮುಂಭಾಗದ ಬ್ರೆಸ್ಟ್ ಲೈನ್ (ಹಡಗನ್ನ ಅಡ್ಡಕ್ಕೆ ಜೆಟ್ಟಿಗೆ ಬಿಗಿದಿಡೋ ಹಗ್ಗ) ಒಂದೇ ಕಿತ್ತೋಗ್ತಿತ್ತು, ಎಲ್ರೂ ಇನ್ನೂ ದಪ್ಪ ಹಗ್ಗ ಹಾಕಿ ಅಂತಿದ್ರು. ಬ್ರಿಡ್ಜ್ ವಿಂಗ್‌ನಿಂದ (ಹಡಗು ನಡೆಸೋ ಕೋಣೆ ಪಕ್ಕದ ಚಾಚು ಕಟ್ಟೆ) ಬಗ್ಗಿ ನೋಡ್ದೆ, ಆ ಲೈನ್‌ನ ಉಕ್ಕಿನ ವೈರ್ ವೀಣೆ ತಂತಿ ಥರ ಬಿಗಿದು ನಡುಗ್ತಿದೆ, ಪಕ್ಕದ ನೈಲಾನ್ ಮಾತ್ರ ಆರಾಮಾಗಿದೆ! ನೈಲಾನ್ ಎಳೆದಷ್ಟೂ ಉದ್ದ ಆಗುತ್ತೆ, ವೈರ್ ಅಷ್ಟು ಹಿಗ್ಗಲ್ಲ, ಹಾಗಾಗಿ ಭಾರ ಪೂರ್ತಿ ವೈರ್ ಮೇಲೇ ಬೀಳ್ತಿತ್ತು.

ಗಾಳಿ ತಗ್ಗಿದ್ಮೇಲೆ ಬ್ರೆಸ್ಟ್ ಲೈನ್‌ಗಳನ್ನೆಲ್ಲ ಒಂದೇ ಥರದ ಹಗ್ಗ, ಹತ್ತಿರತ್ತಿರ ಒಂದೇ ಉದ್ದ ಮಾಡಿದ್ವಿ, ತೀರಾ ಕಡಿದಾಗಿ ಕೆಳಗಿಳೀತಿದ್ದವನ್ನ ಜೆಟ್ಟಿ ಅಂಚಿಂದ ಇನ್ನೂ ಹಿಂದಿರೋ ಬೊಲ್ಲಾರ್ಡ್‌ಗೆ (ಹಗ್ಗ ಕಟ್ಟೋ ಗೂಟ) ಹಾಕಿದ್ವಿ. ಹಗ್ಗ ಸುತ್ತೋ ವಿಂಚ್ ಯಂತ್ರದ ಆಟೋ ಟೆನ್ಷನ್ (ತಾನಾಗೇ ಹಗ್ಗ ಎಳೆದು-ಸಡಿಲಿಸೋ ವ್ಯವಸ್ಥೆ) ತೆಗೆದು ಬ್ರೇಕ್ ಮೇಲೆ ಬಿಟ್ವಿ, ಫೇರ್‌ಲೀಡ್‌ನಲ್ಲಿ (ಹಡಗಿನ ಅಂಚಲ್ಲಿ ಹಗ್ಗ ಹೊರಗೆ ಹೋಗೋ ಕಿಂಡಿ) ಹಗ್ಗ ಉಜ್ಜೋ ಕಡೆ ಕ್ಯಾನ್ವಾಸ್ ಸುತ್ತಿದ್ವಿ, ಗಾಳಿಗೆ ಸಿಗೋ ಮೈ ಕಮ್ಮಿ ಆಗ್ಲಿ ಅಂತ ಬ್ಯಾಲಸ್ಟ್ (ತೂಕಕ್ಕೆ ಟ್ಯಾಂಕಿಗೆ ತುಂಬೋ ನೀರು) ತುಂಬಿ ಹಡಗನ್ನ ಸ್ವಲ್ಪ ಕೆಳಗಿಳಿಸಿದ್ವಿ. ಗಾಳಿ ವೇಗ 2 ಪಟ್ಟಾದ್ರೆ ತಳ್ಳೋ ಬಲ 4 ಪಟ್ಟಾಗುತ್ತೆ, ಅದಕ್ಕೇ ಇದೆಲ್ಲ ಗಾಳಿ ಬರೋಕ್ ಮುಂಚೇನೇ ಮುಗೀಬೇಕು.

ದಯವಿಟ್ಟು ಬಿಗಿದ ಹಗ್ಗದ ಹತ್ರ ಯಾರನ್ನೂ ನಿಲ್ಲಿಸ್ಬೇಡಿ, ಕಿತ್ತು ಹಿಂದಕ್ಕೆ ಬಡಿದ್ರೆ ಜೀವಾನೇ ಹೋಗುತ್ತೆ. ಮುಂದಿನ ಬಿರುಗಾಳೀಲಿ ಎಂಜಿನ್ ರೆಡಿ ಇಟ್ಟು, ಟಗ್ (ಹಡಗು ತಳ್ಳೋ-ಎಳೆಯೋ ದೋಣಿ) ಕರೆಸಿಟ್ಕೊಂಡಿದ್ವಿ, ಒಂದು ಹಗ್ಗಾನೂ ಹೋಗಲಿಲ್ಲ.